ಹಣೆಯ ಮೇಲೆ ಎರಡು ಪೌಂಡ್

ಡಡ್ಲಿಯ ಹೈಸ್ಟ್ರೀಟಿನ ದಾನದಂಗಡಿಯಲ್ಲಿ
ಗುರುವಾರ ಗುರುವಾರ ನನಗೆ
ಹಳೆ ರೆಕಾರ್ಡು ವಿಂಗಡಿಸುವ ಕೆಲಸ.
ಮೂವತ್ತೊಂದು ವರ್ಷ ಆಸ್ಪತ್ರೆಯ ರಾತ್ರಿಪಾಳಿ ಮಾಡಿದವಳು,
ರಾಕ್ ಎಂದರೆ ಪಕ್ಕದ ಮನೆಯ ಗೋಡೆ ದಾಟಿ ಬರುವ ತಲೆನೋವು
ಎಂದಷ್ಟೇ ತಿಳಿದವಳು.
"ಕೇಳಬೇಕಾಗಿಲ್ಲ," ಎಂದಳು ಗ್ಲೆನಿಸ್,
"ಹೊದಿಕೆ ನೋಡು, ಸಾಕು."

ಮುಖ ನೋಡಿ ಮಣೆ ಹಾಕುವುದನ್ನು
ನಮ್ಮವರಿಗೆ ಕಲಿಸಬೇಕೆ?
ತಲೆಬುರುಡೆ, ಸರಪಳಿ, ಮುಳ್ಳುಬೇಲಿಯಂತೆ ಹೆಣೆದುಕೊಂಡ ಅಕ್ಷರ:
ಕಪ್ಪು ಡಬ್ಬ.
ಗೋಧಿ ಹೊಲ, ಗಡ್ಡ, ಬರಿಗಾಲು, ಜೊತೆಗೊಂದು ನಾಯಿ:
ಕಿಟಕಿಯ ಹತ್ತಿರದ ಬುಟ್ಟಿ.
ಗ್ರಹಗಳು, ತೇಲುವ ಮೆಟ್ಟಿಲು, ಯಾರ ಮುಖವೂ ಇಲ್ಲದಿದ್ದರೆ
ಒಂದೊಂದು ಹಾಡೂ ಇಪ್ಪತ್ತು ನಿಮಿಷ,
ಕೊಳ್ಳುವವರು ಹೆಚ್ಚಾಗಿ ನಿವೃತ್ತ ಗಣಿತದ ಮೇಷ್ಟ್ರು.
ಪಿನ್ನು ಚುಚ್ಚಿದ ಕೆನ್ನೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಹೆಸರು
ಅಂದರೆ ಸಿಟ್ಟು,
ಎರಡು ನಿಮಿಷದಲ್ಲಿ ಮುಗಿಯುವ ಸಿಟ್ಟು.

ಚೌಕಿಯಲ್ಲಿ ಇಣುಕಿದ್ದೆ ಒಮ್ಮೆ, ಏಳು ವರ್ಷದವಳು.
ಅಕ್ಕಿಹಿಟ್ಟಿನ ಚಿಟ್ಟಿ ಮುಳ್ಳುಮುಳ್ಳಾಗಿ ಇಟ್ಟುಕೊಂಡು
ಅರ್ಧ ರಾಕ್ಷಸನಾಗಿದ್ದವನು
ಮೆಲ್ಲಗೆ, ಮಗಾ, ಬೆಂಕಿಪೊಟ್ಟಣ ಉಂಟಾ ಎಂದಿದ್ದ.
ರಂಗಕ್ಕೆ ಬಂದು ಅಬ್ಬರಿಸಿದಾಗ ಮಕ್ಕಳೆಲ್ಲ ಅತ್ತರು.
ನಾನೂ ಅತ್ತೆ. ಗೊತ್ತಿದ್ದೂ.

ನವೆಂಬರಿನಲ್ಲಿ ಒಂದು ದಿನ
ಗಾಲಿಚೀಲ ಎಳೆದುಕೊಂಡು ಬಂದ ನೊರೀನ್ ಟ್ರಾಂಟರ್
ಕಪ್ಪು ಡಬ್ಬದ ಮುಂದೆ ನಿಂತಳು.
ಒಂದನ್ನು ಎತ್ತಿ ಹಿಡಿದು, ಕನ್ನಡಕ ಹಣೆಗೇರಿಸಿ,
"ಇದು ನಾನು."

ಕೋಲ್ಡ್ ಆನ್ವಿಲ್ ಎಂಬ ತಂಡ. ಎಪ್ಪತ್ತಮೂರನೇ ಇಸವಿ.
ಮಂಜು. ಗೋರಿಕಲ್ಲು. ಬಿಳಿ ನಿಲುವಂಗಿಯ ಹೆಣ್ಣು,
ಭುಜದ ಮೇಲೆ ಕಾಗೆ, ಕಣ್ಣಿದ್ದಲ್ಲಿ ಎರಡು ಕುಳಿ.
ಕಾಯಿಸಿ ಬಡಿದ ಕಬ್ಬಿಣದ ಅಕ್ಷರ.
ಹಿಂದಿನ ವಾರ ನಾನೇ ಅದನ್ನು ಮಗುಚಿಟ್ಟಿದ್ದೆ,
ಸಂಜೆ ಒಬ್ಬಳೇ ಬಾಗಿಲು ಹಾಕುವಾಗ.

"ಅಂಗಿ ನಮ್ಮಜ್ಜಿಯದು. ಒಳಗೆ ಎರಡು ಸ್ವೆಟರ್.
ಕಾಗೆ ಶಾಲೆಯ ಬೀರುವಿನದು, ಹೊಟ್ಟೆ ತುಂಬ ಹುಲ್ಲು.
ಮಂಜು? ನೆದರ್ಟನ್ ಗುಡ್ಡದ ಮೇಲೆ
ಬ್ರೆಡ್ಡಿನ ವ್ಯಾನು ನಿಲ್ಲಿಸಿ ಹೊಗೆ ಬಿಟ್ಟರು.
ನಗಬೇಡ ನಗಬೇಡ ಅಂತ
ಕ್ಯಾಮೆರಾದವನು ಅಳುವುದೊಂದು ಬಾಕಿ.
ಡ್ರಮ್ಮಿನ ಹುಡುಗನ ತಾಯಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು.
ಹಾಡುವವನು ಮಾಂಸದಂಗಡಿಯ ಹುಡುಗ,
ಗೋರಿ ತುಳಿದಾಗಲೆಲ್ಲ ಸಾರಿ ಅನ್ನುತ್ತಿದ್ದ."

ಐದು ಪೌಂಡ್ ಕೊಟ್ಟರಂತೆ.
ಅಪ್ಪ ಒಂದು ತಿಂಗಳು ಮಾತು ಬಿಟ್ಟನಂತೆ.
ಮೊನ್ನೆ ಮೊನ್ನೆ ಫಿನ್ಲೆಂಡಿನಿಂದ ಯಾರೋ ಹುಡುಕಿಕೊಂಡು ಬಂದು
ತೋಳು ಮಡಚಿ ತೋರಿಸಿದನಂತೆ:
ಹಚ್ಚೆಯಲ್ಲಿ ಅವಳೇ, ಕಾಗೆಯೂ.
ಬಾಗಿಲು ತೆರೆದ ಏಪ್ರನ್ನಿನ ಮುದುಕಿಯನ್ನು ಕಂಡು
ಅವನ ಮೋರೆ ಸಣ್ಣದಾಯಿತಂತೆ.
"ಪಾಪ, ಒಳಗೆ ಕರೆದು ಪೈ ಕೊಟ್ಟೆ.
ಹೋಗುವಾಗ ಮಾತ್ರ ಹೆದರಿದವನ ಹಾಗೆ ಕೈ ಕುಲುಕಿದ.
ಅದೊಂದು ಖುಷಿ."

ಹಾಡು ಹೇಗಿದೆ, ಎಂದೆ.
"ಕೇಳಿದವರು ಯಾರು!"

ಎರಡು ಪೌಂಡ್ ಚಿಲ್ಲರೆ ಎಣಿಸಿ ಇಟ್ಟಳು.
ಬೆಲೆಚೀಟಿ ಅವಳ ಹಣೆಯ ಮೇಲಿತ್ತು, ನಾನೇ ಒತ್ತಿದ್ದು,
ಅಲ್ಲೊಂದೇ ಜಾಗ ಖಾಲಿ ಕಂಡಿತ್ತು.
ಒಣಗಿದ ಗಾಯದ ಬ್ಯಾಂಡೇಜು ಬಿಚ್ಚುವ ಹಾಗೆ
ಉಗುರಿನಿಂದ ಎಬ್ಬಿಸಿದೆ.
ಬಂತು. ಜೊತೆಗೆ ಕಾಗದದ ಸಿಪ್ಪೆಯೂ ಬಂತು.
ಐವತ್ತು ವರ್ಷ ಯಾರುಯಾರನ್ನೋ ಹೆದರಿಸಿದ ಹಣೆಯಲ್ಲಿ
ಈಗ ಒಂದು ಬಿಳಿ ಚೌಕ,
ಏನೂ ಬರೆಯದ್ದು.

ಸಾರಿ ಎಂದೆ, ಗೋರಿ ತುಳಿದವಳ ಹಾಗೆ.
ಇರಲಿ ಬಿಡು ಎಂದು ಆಲೂಗಡ್ಡೆಯ ಮೇಲೆ ನಿಲ್ಲಿಸಿಕೊಂಡು
ಚೀಲ ಎಳೆದುಕೊಂಡು ಹೋದಳು.
ಬಸ್ಸಿನ ಸಾಲಿನಲ್ಲಿ
ಚೀಲದ ಬಾಯಿಂದ ಕಾಗೆ ಇಣುಕುತ್ತಿತ್ತು.
ಹಿಂದೆ ನಿಂತಿದ್ದ ಮಗುವೊಂದು
ಎರಡು ಹೆಜ್ಜೆ ಸರಿಯಿತು.